ಕೆಂಪು ಬಟ್ಟೆ ಒಗೆದ ದಿನ

ಔಷಧಿಯಣ್ಣ ಎಲ್ಲಿಯಾದರೂ ಕೂರುವ ಮೊದಲು ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡುತ್ತಾನೆ. ನಮ್ಮ ಮನೆಯ ಮೆಟ್ಟಿಲ ಮೇಲೆ ಚಹಾ ಕುಡಿಯಲು ಕರೆದರೆ ಒಂದು ಗಳಿಗೆ ನಿಂತು, ಮುಖವನ್ನು ಅತ್ತ ಇತ್ತ ತಿರುಗಿಸಿ, ತನ್ನ ಮೇಲಿಂದ ಹಾಯ್ದ ಗಾಳಿ ನನ್ನ ಕಡೆಗೆ ಬಾರದಂಥ ಜಾಗ ಹುಡುಕಿ ಕೂರುತ್ತಾನೆ. ಈಗ ಅವನು ಔಷಧಿ ಹೊಡೆಯುವುದಿಲ್ಲ. ನಮ್ಮ ಬೀದಿಯ ನಾಲ್ಕಾರು ಮನೆಗಳ ಗಿಡಗಳಿಗೆ ನೀರು ಹಾಕಿ, ಒಣಗಿದ ಎಲೆ ಗುಡಿಸುತ್ತಾನೆ, ಅಷ್ಟೇ. ಮೈಯಿಂದ ಸೋಪಿನ ವಾಸನೆ ಬಿಟ್ಟರೆ ಬೇರೇನೂ ಬರುವುದಿಲ್ಲ. "ಬಾರಪ್ಪ, ಇಲ್ಲೇ ಕೂತ್ಕೋ, ನಾನೇನು ಬೀನ್ಸಾ?" ಎಂದು ನಾನು ಎಷ್ಟೋ ಸಲ ಗದರಿಸಿದ್ದೇನೆ. ನಗುತ್ತಾನೆ, ಕದಲುವುದಿಲ್ಲ. ಅವನ ಕಥೆಯನ್ನು ನಾನು ಆ ಮೆಟ್ಟಿಲ ಮೇಲೆ, ಚೂರುಚೂರಾಗಿ, ಬೈದು ಬೈದು ಬಾಯಿ ಬಿಡಿಸಿ ಕೇಳಿದ್ದು.

ಊರಿನಾಚೆ ಒಂದು ದೊಡ್ಡ ಬೀನ್ಸ್ ತೋಟವಿತ್ತು. ಅಲ್ಲಿಯ ಬೀನ್ಸ್ ನಮ್ಮ ಮಾರುಕಟ್ಟೆಯ ಕಡೆಗೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಕೊಯ್ದ ದಿನವೇ ತಣ್ಣನೆಯ ಲಾರಿ ಹತ್ತಿ, ಆಮೇಲೆ ವಿಮಾನ ಹತ್ತಿ, ನಾವು ಯಾರೂ ಕಾಣದ ದೇಶದ ಅಂಗಡಿಗೆ ಹೋಗುತ್ತಿತ್ತು. ಅಲ್ಲಿಯವರಿಗೆ ಕಾಯಿ ನೆಟ್ಟಗಿರಬೇಕು, ಒಂದೇ ಉದ್ದ ಇರಬೇಕು, ಮೇಲೆ ಒಂದು ಕಲೆಯೂ ಇರಬಾರದು. ಕಲೆ ಇರಬಾರದು ಎಂದರೆ ಔಷಧಿ ಹೊಡೆಯಬೇಕು. ಹೊಡೆದ ಔಷಧಿ ಕಾಯಿಯಲ್ಲಿ ಉಳಿದಿರಲೂಬಾರದು. ಹುಳುವೂ ಬೇಡ, ಹುಳುವಿನ ಔಷಧಿಯೂ ಬೇಡ! ಈ ಎರಡು ಬೇಡಗಳ ನಡುವೆ, ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ಓಡಾಡುತ್ತಿದ್ದವನೇ ನಮ್ಮ ಔಷಧಿಯಣ್ಣ.

ತೋಟವನ್ನು ತಾಕುಗಳಾಗಿ ಹಂಚಿ, ಒಂದೊಂದು ತಾಕಿಗೂ ಒಂದು ನಂಬರಿನ ಹಲಗೆ ನೆಟ್ಟಿದ್ದರು. ಔಷಧಿ ಹೊಡೆದ ತಾಕಿನ ನಾಲ್ಕೂ ಮೂಲೆಯ ಕೋಲುಗಳಿಗೆ ಅವನು ಕೆಂಪು ಬಟ್ಟೆ ಕಟ್ಟುತ್ತಿದ್ದ. ಔಷಧಿಯ ಬಲ ಇಳಿಯುವವರೆಗೆ ಅಲ್ಲಿ ಒಂದು ಕಾಯಿಯನ್ನೂ ಕೀಳುವಂತಿರಲಿಲ್ಲ. ಗಡುವು ಮುಗಿದ ಮೇಲೆ ಅವನೇ ಬಂದು ಬಟ್ಟೆ ಬಿಚ್ಚಬೇಕು. ಕಾಯಿ ಕೀಳುವ ಹೆಂಗಸರಿಗೆ ಓದು ಬರಹ ಬಂದರೂ ಬಾರದಿದ್ದರೂ ಕೆಂಪು ಬಣ್ಣ ಗೊತ್ತಿತ್ತು. ಬಟ್ಟೆ ಇದ್ದಲ್ಲಿ ಕಾಲಿಡುತ್ತಿರಲಿಲ್ಲ, ಇಲ್ಲದಲ್ಲಿ ಬುಟ್ಟಿ ಹಿಡಿದು ಇಳಿಯುತ್ತಿದ್ದರು.

ಬಟ್ಟೆಗೆ ಇದ್ದ ನಿಯಮಗಳಿಗಿಂತ ಹೆಚ್ಚು ನಿಯಮಗಳು ಅವನಿಗಿದ್ದವು. ಪ್ಯಾಕಿಂಗ್ ಶೆಡ್ಡಿನ ಬಾಗಿಲು ದಾಟುವಂತಿಲ್ಲ. ಅವನ ಬಚ್ಚಲು ಬೇರೆ, ಬಟ್ಟೆ ಒಗೆಯುವ ಕಲ್ಲು ಬೇರೆ, ಊಟಕ್ಕೆ ಕೂರುವ ಜಾಗ ಬೇರೆ. ಅವನ ಬಟ್ಟೆಯನ್ನು ಇನ್ನೊಬ್ಬರ ಬಟ್ಟೆಯ ಜೊತೆ ನೆನೆಹಾಕುವಂತಿಲ್ಲ. ಈ ನಿಯಮ ಮಾಡಿದವರು ಕೆಟ್ಟವರಲ್ಲ. ಮೊದಲೆಲ್ಲ ಔಷಧಿ ಹೊಡೆದ ಕೈಯಲ್ಲೇ ಉಂಡು ಹಾಸಿಗೆ ಹಿಡಿದವರಿದ್ದರು, ಅದು ನನಗೂ ಗೊತ್ತು. ಅವನು ಎಲ್ಲೆಲ್ಲಿ ಕೂರಬಾರದು ಎಂದು ಅವರು ಚೆನ್ನಾಗಿಯೇ ಯೋಚಿಸಿದ್ದರು. ಅವನ ಜೊತೆ ಯಾರು ಕೂರಬೇಕು ಎಂಬುದು ಮಾತ್ರ ಯಾರ ತಲೆಗೂ ಹೊಳೆದಿರಲಿಲ್ಲ.

ಮದುವೆಯ ಮಾತೂ ಒಮ್ಮೆ ಬಂದಿತ್ತಂತೆ. ಹುಡುಗಿಯ ಮನೆಗೆ ಹೊಸ ಅಂಗಿ ಹಾಕಿಕೊಂಡು ಹೋಗಿದ್ದ. ಕೂತು ಸ್ವಲ್ಪ ಹೊತ್ತಾಗಿತ್ತಷ್ಟೇ, ಹುಡುಗಿಯ ತಾಯಿ ಎದ್ದು ಕಿಟಕಿ ತೆರೆದಳು. ಇವನು ಚಹಾದ ಲೋಟ ಕೆಳಗಿಟ್ಟು ಎದ್ದುಬಂದ. ಔಷಧಿ ಉಗ್ರಾಣದ ಪಕ್ಕದ ಒಂಟಿ ಕೋಣೆ, ಒಂದು ಮಂಚ, ಒಂದು ಸ್ಟವ್ವು: ಅಷ್ಟರಲ್ಲೇ ಅವನ ವಯಸ್ಸು ಕಳೆಯಿತು.

ಆ ತೋಟದಲ್ಲಿ ಅವನ ಜೊತೆ ಮಾತಾಡುತ್ತಿದ್ದವಳು ದೊಡ್ಡಕ್ಕ ಒಬ್ಬಳೇ. ಕಾಯಿ ಕೀಳುವ ಹೆಂಗಸರಿಗೆಲ್ಲ ಮುಂದಾಳು, ಗಂಡ ಸತ್ತವಳು, ಗಂಟಲು ತೋಟದ ಆ ಕೊನೆಯಿಂದ ಈ ಕೊನೆಗೆ ಕೇಳುವಂಥದ್ದು. ಮಧ್ಯಾಹ್ನ ನಲ್ಲಿಯ ಆ ಬದಿಗೆ ಅವನು ಡಬ್ಬಿ ಬಿಚ್ಚಿದರೆ, ಈ ಬದಿಗೆ ಅವಳು ಕಾಲು ಚಾಚಿ ಕೂರುತ್ತಿದ್ದಳು.

"ಏನೋ, ಇದೀಯೋ ಸತ್ಯೋ?"

"ಇದೀನಕ್ಕ."

"ಹಾಗಾದ್ರೆ ಉಣ್ಣು. ಸತ್ತಿದ್ರೆ ನಿನ್ ಡಬ್ಬೀನೂ ನಾನೇ ಖಾಲಿ ಮಾಡೋಣ ಅಂದ್ಕೊಂಡಿದ್ದೆ."

ಇಷ್ಟೇ. ದಿನಾ ಹೆಚ್ಚುಕಡಿಮೆ ಇದೇ ಮಾತು. ಆದರೆ ಅವನು ಬೆಳಗಿನಿಂದ ಟ್ಯಾಂಕು ಹೊತ್ತು ನಡೆಯುವಾಗ ಇವತ್ತು ಅವಳಿಗೆ ಏನು ಹೇಳಲಿ ಎಂದು ಮಾತು ಕೂಡಿಸಿಕೊಳ್ಳುತ್ತಿದ್ದನಂತೆ. ಅವಳು ಎದುರು ಕೂತ ಮೇಲೆ ಅದೆಲ್ಲ ಮರೆತುಹೋಗಿ ಮತ್ತೆ "ಇದೀನಕ್ಕ" ಎನ್ನುತ್ತಿದ್ದ. ಅವನಿಗೆ ಈ ಲೋಕದಲ್ಲಿ ಕಳೆದುಕೊಳ್ಳಲು ಇದ್ದದ್ದು ಅದೊಂದೇ.

ಹೊರದೇಶದಿಂದ ತಪಾಸಣೆಯವರು ಬರುವ ದಿನ ಗೊತ್ತಾಯಿತು. ಅವರು ಒಪ್ಪಿದರೆ ಬೀನ್ಸ್ ವಿಮಾನ ಹತ್ತುತ್ತದೆ, ಮೂಗು ಮುರಿದರೆ ಇಲ್ಲ. ಕ್ವಾಲಿಟಿ ಮೇಡಂ ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗಿ ಊಟ ನಿದ್ದೆ ಬಿಟ್ಟು ತೋಟ ಸುತ್ತಿದಳು. ನಲ್ಲಿ ಉಜ್ಜಿಸಿದಳು, ನೆಲ ತಿಕ್ಕಿಸಿದಳು, ನಂಬರಿನ ಹಲಗೆಗಳನ್ನೆಲ್ಲ ಕಿತ್ತು ಬಣ್ಣ ಬಳಿಯಲು ಶೆಡ್ಡಿಗೆ ಸಾಗಿಸಿದಳು. ಕೊನೆಗೆ ಇವನ ಬಳಿ ಬಂದು, ಪಾಪ, ಮುಖ ನೋಡಲಾರದೆ ಹೇಳಿದಳು: "ಅಣ್ಣ, ನಾಳೆ ನೀವು ಸ್ವಲ್ಪ ರೂಮಲ್ಲೇ ಇರ್ತೀರಾ? ಅವರು ಹೋದ್ಮೇಲೆ ಹೊರಗೆ ಬನ್ನಿ."

ಮರುದಿನ ಅವನು ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕೂತ. ಹೊರಗೆ ಕಾರು ಬಂದದ್ದು, ಹೋದದ್ದು, ಹೆಂಗಸರು ನಕ್ಕದ್ದು ಎಲ್ಲ ಕೇಳಿಸಿತು. ಸಂಜೆ ಹೊರಗೆ ಬಂದು ನೋಡುತ್ತಾನೆ, ತೋಟದ ತುಂಬ ಕೆಂಪು ಬಟ್ಟೆಗಳು ಹೊಸದಾಗಿ ಹಾರಾಡುತ್ತಿದ್ದವು. ಮಣ್ಣು, ಧೂಳು, ಹಕ್ಕಿ ಹಿಕ್ಕೆ ಹತ್ತಿ ಕಂದಿಹೋಗಿದ್ದವು ಅವು. ಯಾರೋ ಒಗೆದು, ಒಣಗಿಸಿ, ಅಂಚು ಎಳೆದು ಕಟ್ಟಿದ್ದರು.

ದೊಡ್ಡಕ್ಕ ಬುಟ್ಟಿ ಹೊತ್ತು ಹೋಗುತ್ತಿದ್ದವಳು ನಿಂತಳು. ಸುತ್ತ ಬೇರೆ ಯಾರೂ ಇರಲಿಲ್ಲ.

"ನೋಡಿದ್ಯಾ? ದೊರೆಗಳು ಬರೋ ದಿನ ಆ ಚಿಂದಿ ನೋಡಕ್ಕಾಗ್ಲಿಲ್ಲ. ಬೆಳಗ್ಗೆ ಯಾರೂ ಬರೋಕ್ ಮುಂಚೆ ಬಂದು ಎಲ್ಲಾ ಬಿಚ್ಚಿ ಒಗೆದು, ಮತ್ತೆ ಕಟ್ದೆ. ನಿನ್ ಬಟ್ಟೆಗೂ ಒಂದ್ ಯೋಗ ಬಂತು ನೋಡು."

ಅವನ ಬಟ್ಟೆಯನ್ನು ಬೇರೊಬ್ಬರ ಕೈ ಮುಟ್ಟಿ ಎಷ್ಟು ವರ್ಷವಾಗಿತ್ತೋ. ಬಹುಶಃ ಅವನ ತಾಯಿ ಹೋದ ಮೇಲೆ ಅದೇ ಮೊದಲು. "ಕಾಲು ನೆಲದ ಮೇಲಿರ್ಲಿಲ್ಲ ಅಮ್ಮ" ಎಂದ ನನ್ನ ಹತ್ತಿರ. ಯಾವ ತಾಕಿನ ಬಟ್ಟೆ ಯಾವ ತಾಕಿಗೆ ಬಂದಿದೆ ಎಂದು ಅವನು ಹೋಗಿ ನೋಡಬೇಕಿತ್ತು. ಅದೇ ಅವನ ಕೆಲಸ. ಹಲಗೆಗಳು ಇನ್ನೂ ಶೆಡ್ಡಿನಲ್ಲಿ ಒಣಗುತ್ತಿದ್ದವು, ಬೀನ್ಸ್ ಎಲ್ಲ ಕಡೆಯೂ ಒಂದೇ ಎತ್ತರ, ಒಂದೇ ಹಸಿರು. ಅವನು ನೋಡಲಿಲ್ಲ. ಅಲ್ಲೇ ನಿಂತು, ಕತ್ತಲಾಗುವವರೆಗೆ, ಬಟ್ಟೆ ಹಾರಾಡುವುದನ್ನು ನೋಡಿದ.

ಮರುದಿನ ಹೆಂಗಸರು ಬಟ್ಟೆ ಇಲ್ಲದ ತಾಕಿಗೆ ಇಳಿದು ಬುಟ್ಟಿ ತುಂಬಿಸಿದರು. ಬೀನ್ಸ್ ವಿಮಾನ ಹತ್ತಿತು.

ಆ ವಾರ ಮುಗಿಯುವುದರೊಳಗೆ ಸುದ್ದಿ ಬಂತು. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಪರೀಕ್ಷೆ ಮಾಡಿ, ಔಷಧಿಯ ಅಂಶ ಮಿತಿ ಮೀರಿದೆ ಎಂದು ಇಡೀ ಸರಕನ್ನು ಸುಟ್ಟುಹಾಕಿದ್ದರು. ಅವರ ಮಿತಿ ಎಂದರೆ ಎಷ್ಟು ಅಂದುಕೊಂಡಿರಿ? ಕಣ್ಣಿಗೆ ಕಾಣುವಂಥದ್ದಲ್ಲ, ನಾಲಿಗೆಗೆ ಹತ್ತುವಂಥದ್ದಲ್ಲ, ಕೆರೆಗೆ ಒಂದು ಚಿಟಿಕೆ ಉಪ್ಪು ಹಾಕಿದ ಹಾಗೆ. ಮಕ್ಕಳು ತಿನ್ನುವ ಪದಾರ್ಥ, ಕಟ್ಟುನಿಟ್ಟು ಇರಲಿ ಬಿಡಿ, ತಪ್ಪಲ್ಲ. ಆದರೆ ಆ ತೋಟ ಮುಚ್ಚುವ ಹೊತ್ತಿಗೆ ಗಿಡದಲ್ಲಿ ಉಳಿದಿದ್ದ ಬೀನ್ಸನ್ನೆಲ್ಲ ನಮ್ಮ ಮಾರುಕಟ್ಟೆಯಲ್ಲಿ ರಾಶಿ ಸುರಿದು ಮಾರಿದರು. ಒಬ್ಬರೂ ಪರೀಕ್ಷೆ ಮಾಡಲಿಲ್ಲ. ನಾನೂ ಅಗ್ಗಕ್ಕೆ ಸಿಕ್ಕಿತೆಂದು ಚೀಲ ತುಂಬ ತಂದು ತಿಂದೆ. ನಮ್ಮ ಹೊಟ್ಟೆಗೆ ಯಾವ ಮಿತಿಯೂ ಇಲ್ಲ ನೋಡಿ! ನೆನೆದರೆ ಈಗಲೂ ಮೈ ಉರಿಯುತ್ತದೆ.

ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಕೊಯ್ದ ದಿನ ನೋಡಿ ಯಾವ ತಾಕಿನ ಬೀನ್ಸ್ ಎಂದು ಗೊತ್ತುಮಾಡಿಕೊಂಡರು. ಮೇಡಂ, ಮ್ಯಾನೇಜರು, ಹೆಂಗಸರು ಎಲ್ಲ ಅಲ್ಲಿಗೆ ಓಡಿದರು. ಹಲಗೆಗಳು ಅಷ್ಟರಲ್ಲಿ ತಮ್ಮ ತಮ್ಮ ಜಾಗಕ್ಕೆ ಮರಳಿದ್ದವು. ಔಷಧಿ ಹೊಡೆದಿದ್ದ ತಾಕು ಬೋಳಾಗಿ ನಿಂತಿತ್ತು. ಪಕ್ಕದ ತಾಕಿನ ನಾಲ್ಕೂ ಮೂಲೆಯಲ್ಲಿ ಕೆಂಪು ಬಟ್ಟೆ ಜೋರಾಗಿ ಹಾರುತ್ತಿತ್ತು, ಒಳಗೆ ಯಾರೂ ಕೀಳದ ಕಾಯಿ ಬಲಿತು ನಾರಾಗಿತ್ತು.

ಅವನು ತಲೆಯೆತ್ತಿ ದೊಡ್ಡಕ್ಕನನ್ನು ನೋಡಿದ. ಅವಳು ಹಲಗೆ ನೋಡಿದಳು, ಬಟ್ಟೆ ನೋಡಿದಳು, ಅವನನ್ನು ನೋಡಿದಳು. ಆಮೇಲೆ ತನ್ನ ಖಾಲಿ ಬುಟ್ಟಿಯೊಳಗೆ ನೋಡಿದಳು.

"ಇದನ್ನ ಕಟ್ಟಿದ್ದು ಯಾರು?" ಮ್ಯಾನೇಜರು ಕೇಳಿದರು.

ಅಷ್ಟು ದೊಡ್ಡ ಗಂಟಲಿನ ಹೆಂಗಸು ತುಟಿ ಪಿಟಕ್ಕೆನ್ನಲಿಲ್ಲ.

"ಕಟ್ಟೋನು ಯಾವಾಗ್ಲೂ ನಾನೇ ಅಲ್ವಾ ಸ್ವಾಮಿ" ಎಂದ ಔಷಧಿಯಣ್ಣ.

ಅವತ್ತೇ ಅವನ ಕೆಲಸ ಹೋಯಿತು. ಕೊಳ್ಳುವವರು ಆ ತೋಟದ ಕಡೆಗೆ ಮತ್ತೆ ತಿರುಗಿಯೂ ನೋಡಲಿಲ್ಲವಾದ್ದರಿಂದ ಸ್ವಲ್ಪ ದಿನಕ್ಕೆ ಎಲ್ಲರ ಕೆಲಸವೂ ಹೋಯಿತು. ಹೆಂಗಸರು ಅವನಿಗೆ ಹಾಕದ ಶಾಪವಿಲ್ಲ. ತಮ್ಮ ಹೊಟ್ಟೆಯ ಮೇಲೆ ಹೊಡೆದವನು ಅವನು ಎಂದೇ ಇವತ್ತಿಗೂ ನಂಬಿದ್ದಾರೆ.

"ಯಾಕೋ ಒಪ್ಕೊಂಡೆ ದಡ್ಡಾ?" ಎಂದೆ ನಾನು, ಸಿಟ್ಟು ತಡೆಯಲಾರದೆ.

"ಆ ಹೆಂಗಸ್ರೆಲ್ಲ ಅವಳ ಬೀದಿಯವ್ರೇ ಅಮ್ಮ. ಅವಳು ಅವ್ರ ಮಧ್ಯೆ ಬದುಕ್ಬೇಕು, ಮಗಳು ಮೊಮ್ಮಕ್ಕಳು ಬೇರೆ ಇದಾರೆ. ನಂದೇನು, ನಾನು ಮೊದ್ಲೂ ಒಬ್ಬನೇ. ಮತ್ತೆ ನೋಡದೆ ಇದ್ದದ್ದು ನಂದೂ ತಪ್ಪೇ ಅಲ್ವಾ?"

ಕೋಣೆ ಖಾಲಿ ಮಾಡುವ ದಿನ ಅವಳು ಬರುತ್ತಾಳೆಂದು ಕಾದ. ಎಲ್ಲರೆದುರು ಒಪ್ಪಿಕೊಳ್ಳಲಿ ಎಂದಲ್ಲ. ಬಾಗಿಲಲ್ಲಿ ನಿಂತು ಇದೀಯೋ ಸತ್ಯೋ ಎಂದು ಕೇಳಿದ್ದರೆ ಸಾಕಿತ್ತು. ಅವಳು ಬರಲಿಲ್ಲ. ಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದ ಮೇಲೂ ಕಾದ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಎದ್ದು ಅಂಗಿ ಹಾಕಿಕೊಳ್ಳುತ್ತಿದ್ದನಂತೆ.

ಬಹಳ ದಿನದ ಮೇಲೆ ತಾನೇ ಹೋದ. ತನಗೆ ಅವಳ ಮೇಲೆ ಬೇಜಾರಿಲ್ಲ ಎಂದು ಹೇಳಿಬಿಟ್ಟರೆ ಎಲ್ಲ ಮೊದಲಿನಂತೆ ಆಗುತ್ತದೆ ಎಂದುಕೊಂಡಿದ್ದ. ಅವಳು ಹೊಸ್ತಿಲ ಮೇಲೆ ಕೂತು ಮೊಮ್ಮಗಳ ತಲೆ ಬಾಚುತ್ತಿದ್ದಳು. ಇವನನ್ನು ಕಂಡು ಮಗುವನ್ನು ಒಳಗೆ ಕಳಿಸಿ ಎದ್ದು ನಿಂತಳು.

"ನಾನು ಯಾರಿಗೂ ಹೇಳಿಲ್ಲ ಅಕ್ಕ, ಹೇಳೋದೂ ಇಲ್ಲ" ಎಂದ ಇವನು.

"ಗೊತ್ತು" ಎಂದಳು ಅವಳು. ಆ ದೊಡ್ಡ ಗಂಟಲು ಅಷ್ಟು ಸಣ್ಣದಾಗಬಲ್ಲದೆಂದು ಅವನಿಗೆ ಗೊತ್ತಿರಲಿಲ್ಲ. "ಹೇಳಿಬಿಡ್ಬೇಕಿತ್ತು ಕಣೋ ನೀನು. ಅವತ್ತೇ ಎಲ್ಲ ಸೇರಿ ನನ್ನ ಬೈದು, ನಾನೂ ಒಂದ್ಸಲ ಅತ್ತು, ಮುಗಿದು ಹೋಗ್ತಿತ್ತು. ಈಗ ಅವ್ರು ನಿನ್ನ ಬೈಯೋವಾಗೆಲ್ಲ ನಾನೂ ಜೊತೇಲಿ ಕೂತು ಹ್ಞೂಂ ಅಂತೀನಿ. ನಿನ್ನ ಮುಖ ನೋಡಕ್ಕಾಗಲ್ಲ ನನ್ನ ಕೈಲಿ. ಇನ್ಮೇಲೆ ಬರ್ಬೇಡ."

"ನೀನೇನಂದೆ?" ಎಂದು ನಾನು ಕೇಳಿದೆ.

"ಆಯ್ತು ಅಂದೆ."

ಲೋಟ ಖಾಲಿಯಾಗಿತ್ತು. ಅವನು ಅದನ್ನು ಕೈಯಲ್ಲಿ ತಿರುಗಿಸುತ್ತ ಕೂತ. ಯಾರನ್ನು ಬೈಯಬೇಕೆಂದು ನನಗೆ ತಿಳಿಯಲಿಲ್ಲ.

"ಅವಳು ಒಳಗೆ ಹೋಗ್ಲಿ, ಆಮೇಲೆ ಹೊರಡೋಣ ಅಂತ ನಿಂತಿದ್ದೆ" ಎಂದ ಕೊನೆಗೆ. "ಅವಳು ಹೋಗ್ಲೇ ಇಲ್ಲ. ನಾನು ಹೋಗೋವರೆಗೂ ಹೋಗಲ್ಲ ಅಂತ ಗೊತ್ತಾಯ್ತು. ಅದಕ್ಕೇ ನಾನೇ ಮೊದ್ಲು ತಿರುಗಿದೆ."