ನಾಲ್ಕು ತೂತಿನ ಗುಂಡಿ

ನನ್ನ ಮೇಜಿನ ಮೇಲೆ ಒಂದು ಕಂದು ಗುಂಡಿ ಇದೆ. ಮೂಗಿನ ಹತ್ತಿರ ಹಿಡಿದರೆ ಇನ್ನೂ ನುಸಿಗುಳಿಗೆಯ ವಾಸನೆ. ಆ ವಾಸನೆಗೆ ಬೇರೆಯವರಿಗೆ ಬೀರುವಿನಲ್ಲಿಟ್ಟ ರೇಷ್ಮೆ ಸೀರೆ ನೆನಪಾಗಬಹುದು. ನನಗೆ ನೆನಪಾಗುವುದು ಮೌಶಿ...

ಹತ್ತು ವರ್ಷಗಳ ಹಿಂದಿನ ಮಾತು. ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವುದು ಆಕೆಯ ಕಸುಬು. ತಲೆಯ ಮೇಲೆ ಪಾತ್ರೆಯ ಬುಟ್ಟಿ, ಬೆನ್ನಿಗೆ ಬಟ್ಟೆಯ ಗಂಟು ಹೊತ್ತು ವಾರಕ್ಕೊಮ್ಮೆ ನಿಪಾಣಿಯ ನಮ್ಮ ಓಣಿಗೆ ಬರುತ್ತಿದ್ದಳು. ನನ್ನ ತಾಯಿಯ ವಯಸ್ಸು. ಓಣಿಯವರೆಲ್ಲ ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಅಂದೆ. ಹೆಸರು ಕೇಳಲೇ ಇಲ್ಲ.

ನನಗೊಂದು ಹುಚ್ಚಿತ್ತು. ವಾಯುಪಡೆಯವರು ಹಾರುವಾಗ ತೊಡುತ್ತಿದ್ದ ಹಳೆಯ ಕೋಟು, ಕೈಗವಸು, ಚರ್ಮದ ಟೊಪ್ಪಿಗೆಗಳನ್ನು ಕೂಡಿಹಾಕುವ ಹುಚ್ಚು. ನಾನೇನು ವಿಮಾನ ಹತ್ತಿದವನಲ್ಲ, ಚಿಕ್ಕೋಡಿಯ ಕಾಲೇಜೊಂದರ ಲ್ಯಾಬಿನಲ್ಲಿ ಗಾಜಿನ ನಳಿಗೆ ತೊಳೆಸುವ ನೌಕರಿ. ಆದರೆ ನಮ್ಮ ಸೀಮೆಯ ಹಳ್ಳಿಗಳಲ್ಲಿ ಮಿಲಿಟರಿಯಿಂದ ನಿವೃತ್ತರಾಗಿ ಬಂದವರು ಬಹಳ. ಅವರ ಪೆಟ್ಟಿಗೆಯಲ್ಲಿದ್ದದ್ದು ಒಂದಲ್ಲ ಒಂದು ದಿನ ಮೌಶಿಯ ಗಂಟಿಗೆ ಬೀಳುತ್ತಿತ್ತು. ವಿಮಾನದವರ ಬಟ್ಟೆ ಸಿಕ್ಕರೆ ಮೊದಲು ನನಗೇ ತೋರಿಸಬೇಕೆಂದು ಹೇಳಿಟ್ಟಿದ್ದೆ.

ನಾನು ಅಸ್ತರಿಗೆ ಹೊಲಿದ ಚೀಟಿಯ ಮಾಸಿದ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿ ಅಸಲಿ, ನಕಲಿ ಹೇಳುವವನು. ಅಕ್ಷರ ಬಾರದ ಆಕೆ ಕಣ್ಣು ಮುಚ್ಚಿ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆಯುತ್ತಿದ್ದಳು. ಒಮ್ಮೆ ನಾನು ಕೊಲ್ಹಾಪುರದಿಂದ ಹಿಗ್ಗಿ ತಂದ ಕೋಟನ್ನು ಮುಟ್ಟಿ ನೋಡಿ ನಕ್ಕುಬಿಟ್ಟಳು.

"ಇದು ಸರಕಾರದ್ದಲ್ಲರೀ ಸರ್, ಪ್ಯಾಟ್ಯಾಗ ಹೊಲಿಸ್ಯಾರ. ಸರಕಾರದ ಹೊಲಿಗಿ ಹಿಂಗ ಸಡ್ಲ ಇರಂಗಿಲ್ಲ."

ಚೀಟಿ ಬಿಚ್ಚಿ ನೋಡಿದರೆ ಆಕೆಯ ಮಾತೇ ನಿಜ. ಮೂರು ದಿನ ನನ್ನ ಮುಖದಲ್ಲಿ ಕಳೆ ಇರಲಿಲ್ಲ.

ಆಕೆಯದೊಂದು ರೂಢಿಯಿತ್ತು. ಸತ್ತವರ ಬಟ್ಟೆ ಯಾರಾದರೂ ಕೊಟ್ಟರೆ, ಅದರ ಒಂದು ಗುಂಡಿ ಕತ್ತರಿಸಿ ಆ ಮನೆಯವರ ಕೈಗಿಟ್ಟೇ ಗಂಟು ಕಟ್ಟುವಳು. "ಇಡೀ ಮನಶ್ಯಾನ ಹೊತ್ಕೊಂಡು ಹೋಗಬಾರ್ದ್ರಿ, ಏನರ ಒಂದು ಮನ್ಯಾಗ ಉಳೀಬೇಕು" ಎನ್ನುತ್ತಿದ್ದಳು. ನನಗೆ ಈ ರೂಢಿ ಕಂಡರೆ ಮೈ ಉರಿಯುತ್ತಿತ್ತು. ಗುಂಡಿ ಹೋದ ಕೋಟು ಸಂಗ್ರಹ ಮಾಡುವವರ ಕಣ್ಣಿಗೆ ಕುಂಟು ಎತ್ತಿನಂತೆ.

ಒಂದು ಚಳಿಗಾಲ ಬೇಡಕಿಹಾಳದಿಂದ ಈ ಗುಂಡಿಯಿದ್ದ ಕೋಟು ತಂದಳು. ತಿಳಿನೀಲಿ ಗಟ್ಟಿ ಬಟ್ಟೆ, ಒಳಗೆ ಉಣ್ಣೆಯ ಅಸ್ತರು, ಮುಂದೆ ಹಿತ್ತಾಳೆಯ ಜಿಪ್ಪು. ಜೇಬಿನ ಮುಚ್ಚಳಗಳಿಗೆ ನಡುವೆ ತಗ್ಗಾದ, ನಾಲ್ಕು ತೂತಿನ ಕಂದು ಗುಂಡಿಗಳು. ಒಂದೂ ಹೋಗಿರಲಿಲ್ಲ. ನಾನು ಕುಣಿಯುವುದೊಂದು ಬಾಕಿ. ಎಲ್ಲ ಗುಂಡಿ ಇವೆ ಎಂದರೆ ಕೋಟಿನವರು ಇನ್ನೂ ಬದುಕಿದ್ದಾರೆ ಎಂದು ನನಗೆ ಹೊಳೆಯಲಿಲ್ಲವೇ? ಹೊಳೆಯಿತು. ಕೇಳಲಿಲ್ಲ, ಅಷ್ಟೇ.

ಎಂಟು ದಿನಕ್ಕೆ ಮೌಶಿ ಮತ್ತೆ ಬಂದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಕೋಟಿನ ಯಜಮಾನರು ಮಿರಜದ ದವಾಖಾನೆಯಲ್ಲಿದ್ದಾಗ ಸೊಸೆ ಅವರ ಪೆಟ್ಟಿಗೆ ಖಾಲಿ ಮಾಡಿದ್ದಳಂತೆ. ಈಗ ಅವರು ಮನೆಗೆ ಬಂದಿದ್ದಾರಂತೆ.

"ಅಜ್ಜಾರು ಹಾಸಿಗಿ ಹಿಡದಾರ್ರಿ ಸರ್. ಥಂಡಿ ಹತ್ತಿತಂದ್ರ ಅದನ್ನ ಕೇಳತಾರು. ತಿರುಗಿ ಕೊಟ್ಟಬಿಡ್ರಿ."

ಕೋಟು ಒಳಗಿನ ಕೋಣೆಯಲ್ಲೇ ಇತ್ತು. "ಪುಣೆದವರೊಬ್ಬರಿಗೆ ಕಳಿಸಿಬಿಟ್ಟೀನಲ್ಲ ಮೌಶಿ" ಎಂದೆ. ನಾಲಿಗೆ ತಡವರಿಸಲೂ ಇಲ್ಲ. ಆಕೆ ನನ್ನ ಮುಖವನ್ನೇ ನೋಡಿದಳು, ಹೊಲಿಗೆ ಪರೀಕ್ಷಿಸುವ ಹಾಗೆ... "ಆತು ಬಿಡ್ರಿ" ಎಂದು ಎದ್ದು ಹೋದಳು.

ಯುಗಾದಿಯ ಹೊತ್ತಿಗೆ ಇನ್ನೊಮ್ಮೆ ಬಂದಳು. ಹೊಸ್ತಿಲಾಚೆಯೇ ನಿಂತಳು.

"ಅಜ್ಜಾರು ಹೋದ್ರು ಸರ್. ಈಗ ಕೋಟು ಬ್ಯಾಡ. ಪುಣೆಯವರಿಗೆ ಹೇಳಿ ಒಂದ ಗುಂಡಿ ತರಿಸಿ ಕೊಡ್ರಿ. ಅವರ ಹೆಣ್ತಿ, ಆಯಿ ಕೈಯಾಗ ಇಡತೀನಿ."

ಕೇಳುತ್ತೇನೆ ಎಂದೆ. ಒಂದು ವಾರ ಬಿಟ್ಟು ಪುಣೆಯಿಂದ ಬಂತು ಎಂದು ಕೊಟ್ಟಿದ್ದರೆ ಸುಳ್ಳೂ ಉಳಿಯುತ್ತಿತ್ತು, ಆ ಮನೆಯ ಪಾಲಿಗೆ ಗುಂಡಿಯೂ ಸಿಗುತ್ತಿತ್ತು. ಎರಡು ಸಲ ಕತ್ತರಿ ಕೈಗೆತ್ತಿಕೊಂಡೆ ಕೂಡ. ಅಷ್ಟು ಚೆಂದದ ಕೋಟು ಕೆಡುತ್ತದಲ್ಲ ಎಂದು ಕೆಳಗಿಟ್ಟೆ. ನಾನು ಅಂಥ ಮನುಷ್ಯ, ಮುಚ್ಚಿಡುವುದೇಕೆ. ಮೌಶಿ ಮತ್ತೆಂದೂ ನಮ್ಮ ಓಣಿಗೆ ಬರಲಿಲ್ಲ.

ಕಳೆದ ತಿಂಗಳು ಸಂತೆಯಲ್ಲಿ ಪಾತ್ರೆ ಮಾರುವ ಹೆಂಗಸೊಬ್ಬಳು ಹೇಳಿದಳು, ಮೌಶಿ ತೀರಿಕೊಂಡು ವರ್ಷವಾಯಿತೆಂದು. ಮನೆಗೆ ಬಂದವನೇ ಟ್ರಂಕು ತೆರೆದು ಕೋಟಿನ ಎಡಜೇಬಿನ ಗುಂಡಿ ಕತ್ತರಿಸಿದೆ. ಮರುದಿನ ಬೇಡಕಿಹಾಳದ ಬಸ್ಸು ಹತ್ತಿದೆ. ವಿಮಾನದವರ ಮನೆ ಎಂದು ಕೇಳಿದ ಕೂಡಲೇ ಅಲ್ಲಿ ತೋರಿಸಿದರು.

ಅವರ ಹೆಂಡತಿ ಕಟ್ಟೆಯ ಮೇಲೆ ಕುಳಿತಿದ್ದರು. ಮೌಶಿಯ ಪರಿಚಯದವನು ಎಂದಷ್ಟೇ ಹೇಳಿ ಜೇಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಆಯಿಯೇ ಮಾತು ತೆಗೆದರು.

"ಭಾಳ ಛಲೋ ಹೆಣ್ಮಗಳಪಾ ಆಕಿ. ನಮ್ಮವರ ಕೋಟು ಪುಣೆದಾಗ ಇತ್ತಂತ. ಅಲ್ಲಿತನಕ ಹೋಗಿ ಗುಂಡಿ ತಂದು ಕೊಟ್ಟಳು."

ಸೊಂಟದ ಸಂಚಿ ಬಿಚ್ಚಿ ಅದನ್ನು ನನ್ನ ಅಂಗೈಗಿಟ್ಟರು. ಎರಡು ತೂತಿನ ಕರಿ ಗುಂಡಿ. ಯಾವ ದರ್ಜಿಯ ಡಬ್ಬಿಯಲ್ಲಾದರೂ ಸಿಗುವಂಥದು. ದಿನವೂ ಮುಟ್ಟಿ ಮುಟ್ಟಿ ಅಂಚು ನುಣ್ಣಗಾಗಿತ್ತು. ನಕಲಿ ಎಂದು ಗುರುತಿಸಲು ನನಗೆ ಭೂತಗನ್ನಡಿ ಬೇಕಾಗಲಿಲ್ಲ.

"ವಿಮಾನದ ಕೋಟಿಂದು ಇದ ಹೌದಲ್ಲೋ ತಮ್ಮಾ?"

"ಹೌದ್ರಿ ಆಯಿ, ಇದ" ಎಂದೆ.

ಅಸಲಿ ಗುಂಡಿ ತೋರಿಸಿದ್ದರೆ ಮೌಶಿ ಸುಳ್ಳಿಯಾಗುತ್ತಿದ್ದಳು. ಕೆಟ್ಟ ಹೊಲಿಗೆಯನ್ನೂ ಒಳ್ಳೆಯದೆನ್ನದವಳು ನನ್ನ ದೆಸೆಯಿಂದ ಆ ಸುಳ್ಳು ಹೇಳಿದ್ದಳು. ಬಸ್ಸಿನಲ್ಲಿ ಅಳು ಬಂತು. ಪಕ್ಕದವರು ಕಿಟಕಿ ಮುಚ್ಚಲೇನ್ರಿ, ಧೂಳು ಬರಾಕತ್ತೇತಿ ಎಂದು ಕೇಳಿದರು.

ಗುಂಡಿಯನ್ನು ಕೋಟಿಗೆ ಮತ್ತೆ ಹೊಲಿಯೋಣವೆಂದು ಸೂಜಿಗೆ ದಾರ ಪೋಣಿಸಿಟ್ಟಿದ್ದೆ. ಕೈ ಬರಲಿಲ್ಲ. ಅದಕ್ಕೇ ಮೇಜಿನ ಮೇಲೆ ಇದೆ. ಗುಂಡಿ ಬಂತು ಮೌಶಿ ಎಂದು ಹೊಸ್ತಿಲಾಚೆ ನಿಂತವಳಿಗೆ ಹೇಳಲು ಹತ್ತು ವರ್ಷ ತಡಮಾಡಿದೆ...