ಕಡಲ ಕಾನೂನಿನ ಸಮ್ಮೇಳನದಲ್ಲಿ ಸುಶೀಲಕ್ಕ ಕೇಳಿದ ಪ್ರಶ್ನೆ

ಮಾರಾಯ್ರೇ, ತಲೆ ಕೆಟ್ಟು ಕೂತಿದ್ದೇನೆ. ಇವತ್ತು ಕಾರವಾರದಲ್ಲಿ ನಮ್ಮಂಥ ವಕೀಲರಿಗೆ ಅಂತರರಾಷ್ಟ್ರೀಯ ಕಡಲ ಕಾನೂನಿನ ಹೊಸ ಬೆಳವಣಿಗೆಗಳ ಬಗ್ಗೆ ಸಮ್ಮೇಳನವಿತ್ತು. ನನ್ನ ಕಕ್ಷಿದಾರೆ, ಬಿಣಗಾದಲ್ಲಿ ಮೀನು ಮಾರುವ ಸುಶೀಲಕ್ಕನನ್ನೂ ಕರೆದುಕೊಂಡು ಹೋಗಿದ್ದೆ. ಅವಳ ಮಗ ಕೆಲಸ ಮಾಡುವ ಹಡಗನ್ನು ಮಾಲೀಕ ಯಾವುದೋ ದೇಶದ ಬಂದರಿನಲ್ಲಿ ಬಿಟ್ಟು ಕೈತೊಳೆದುಕೊಂಡಿದ್ದಾನೆ. ಅಲ್ಲಿಯವರು ಹುಡುಗನಿಗೆ ಕೆಳಗಿಳಿಯಲೂ ಬಿಡುತ್ತಿಲ್ಲ. ಕಡಲ ಕಾನೂನಿನ ತಜ್ಞರು ಬರುತ್ತಾರಲ್ಲ, ಏನಾದರೂ ದಾರಿ ಕೇಳೋಣ ಎಂಬ ಆಸೆ ನಮ್ಮದು.

ಉಪನ್ಯಾಸ ಮುಗಿದದ್ದೇ ಸನ್ಮಾನ ಶುರುವಾಯಿತು. ಸಂಘಟಕರು ಸುಶೀಲಕ್ಕನನ್ನು ಕಂಡವರೇ, "ಸ್ಥಳೀಯ ಮೀನುಗಾರ ಮಹಿಳೆ ಬಂದಿದ್ದಾರೆ, ಅವರಿಗೂ ಒಂದು ಶಾಲು" ಎಂದು ವೇದಿಕೆಗೆ ಹತ್ತಿಸಿಬಿಟ್ಟರು. ಅವಳು ಮೈಕ್ ಹಿಡಿದು, "ಶಾಲು ಬ್ಯಾಡ್ರಾ. ನನ್ ಮಗನ್ನ ಮನೆಗೆ ತರೂದು ಹ್ಯಾಂಗೆ, ಅದೊಂದ್ ಹೇಳಿ" ಅಂದಳು.

ಸಂಘಟಕರು, "ಪ್ರಶ್ನೆಗೆ ಸಮಯ ಇಲ್ಲ ಅಮ್ಮಾ, ಫೋಟೋಕ್ಕೆ ಈ ಕಡೆ ನೋಡಿ!" ಎಂದರು.

ಊಟದ ಸಾಲಿನಲ್ಲಿ ನಾನೇ ತಜ್ಞರನ್ನು ಹಿಡಿದು ಎಲ್ಲ ಹೇಳಿದೆ. ಕಣ್ಣರಳಿಸಿ ಕೇಳಿದರು. "ಬಹಳ ಒಳ್ಳೆಯ ವಿಷಯ ಮೇಡಂ. ಮುಂದಿನ ವರ್ಷದ ಸಮ್ಮೇಳನಕ್ಕೆ ಇದನ್ನೇ ಇಡೋಣ."

ಆಯಿತು, ಹುಡುಗನಿಗೆ ಫೋನ್ ಮಾಡಿ ಹೇಳಿಬಿಡುತ್ತೇನೆ: ನಿನ್ನ ವಿಷಯ ಬಹಳ ಚೆನ್ನಾಗಿದೆಯಂತೆ, ಇನ್ನೊಂದು ವರ್ಷ ಹಡಗಿನಿಂದ ಇಳಿಯಬೇಡ ಮಾರಾಯ.