ಮಂಡಿಗೆ ಕೈಯ ಚನ್ನಬಸವ್ವ

ಚನ್ನಬಸವ್ವನಷ್ಟು ತನ್ನನ್ನು ತಾನೇ ಹೊಗಳಿಕೊಳ್ಳುವ ಹೆಂಗಸನ್ನು ನಾನು ಪುಣೆಯಲ್ಲಿ ಬೇರೆ ಕಂಡಿಲ್ಲ. ಆ ಗುಣದವರಿಗೆ ಇಲ್ಲಿ ಬರವೇನಿಲ್ಲ, ಸದಾಶಿವ ಪೇಠದ ನಮ್ಮ ಕಟ್ಟಡದಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಇವಳು ಹೇಳಿಕೊಂಡದ್ದೆಲ್ಲ ನಿಜವಾಗಿರುತ್ತದೆ, ಅದೇ ನನಗೆ ಹೊಟ್ಟೆಯುರಿ. ಎದುರಿಗೆ ‘ಚನ್ನಬಸವ್ವಾರ’ ಎಂದು ಮರ್ಯಾದೆಯಿಂದಲೇ ಕರೆಯುತ್ತೇನೆ. ಬರೆಯಲು ಕೂತರೆ ಮಾತ್ರ ಏಕವಚನವೇ ಬರುತ್ತದೆ, ಬರಲಿ ಬಿಡಿ. ಪ್ರೀತಿ ಹೆಚ್ಚಾದವರಿಗೆ ನಮ್ಮ ಧಾರವಾಡದ ಕಡೆ ಹಾಗೆಯೇ.

ಮೊದಲು ನಮ್ಮ ಉದ್ಯೋಗ ಏನೆಂದು ಹೇಳಬೇಕು. ನಾನು ಶಾಮಲಾ. ನನ್ನ ಯಜಮಾನರು ರಾಜೀವ. ಚಿಂಚವಾಡದಲ್ಲಿ ಹಳೇ ಹೆದ್ದಾರಿಗೆ ಹತ್ತಿಕೊಂಡು ನಮ್ಮದೊಂದು ಅಂಗಡಿಯಿದೆ. ಹೊಸ ಕಾರು ಕೊಂಡವರು, ಅದರ ಬಣ್ಣಕ್ಕೆ ಕಲ್ಲು ಸಿಡಿದು ಚಕ್ಕೆ ಏಳಬಾರದು, ಗೀರು ಬೀಳಬಾರದು ಎಂದು ನಮ್ಮಲ್ಲಿಗೆ ತರುತ್ತಾರೆ. ನಾವು ಅದರ ಮೈಗೆಲ್ಲ ಗಾಜಿನಂಥ ಫಿಲ್ಮ್ ಅಂಟಿಸಿ ಕೊಡುತ್ತೇವೆ. ಮೊಬೈಲಿನ ಮುಖಕ್ಕೆ ಅಂಟಿಸುತ್ತಾರಲ್ಲ, ಅದರ ಅಣ್ಣ ಅಂತ ತಿಳಿದುಕೊಳ್ಳಿ. ಇದು ಎಳೆದರೆ ಹಿಗ್ಗುತ್ತದೆ, ತಪ್ಪಿ ಎಳೆದರೆ ಹಾಳಾಗುತ್ತದೆ. ಬಾನೆಟ್ಟಿನ ಉಬ್ಬು ತಗ್ಗು, ಬಂಪರಿನ ಮೂಲೆ, ಎಲ್ಲ ಕಡೆಗೂ ಸುಕ್ಕಿಲ್ಲದೆ ಕೂರಬೇಕು. ಕೂತ ಮೇಲೆ ಅದು ಅಲ್ಲಿದೆಯೆಂದೇ ಗೊತ್ತಾಗಬಾರದು. ಒಳಗೆ ಧೂಳಿನ ಒಂದು ಕಣ ಉಳಿದರೆ ಸಾಕು, ಗಿರಾಕಿ ಇಡೀ ಕಾರು ಬಿಟ್ಟು ಅದೊಂದನ್ನೇ ನೋಡುತ್ತಾ ನಿಲ್ಲುತ್ತಾನೆ. ಫಿಲ್ಮ್ ಕೂರಿಸುವುದು ನಮ್ಮವರ ಕೆಲಸ, ಗಿರಾಕಿಯ ಜೊತೆ ಮರಾಠಿಯಲ್ಲಿ ವಾದ ಮಾಡುವುದು ನನ್ನ ಕೆಲಸ.

ಚನ್ನಬಸವ್ವ ನಮಗೆ ಸಿಕ್ಕಿದ್ದು ಅಂಗಡಿಯಲ್ಲಲ್ಲ, ಅಡುಗೆಮನೆಯಲ್ಲಿ. ನಾದಿನಿಯ ಮಗಳು ಮುಕ್ತಾಳ ನಿಶ್ಚಯಕ್ಕೆ ಮಂಡಿಗೆ ಆಗಲೇಬೇಕೆಂದು ಬೆಳಗಾವಿಯ ಬೀಗರು ಹಟ ಹಿಡಿದರು. ಪುಣೆಯಲ್ಲಿ ಮಂಡಿಗೆ ಮಾಡುವವರನ್ನು ಎಲ್ಲಿಂದ ಹಿಡಿದು ತರೋಣ? ಪಿಂಪ್ರಿಯ ಕಾರ್ಮಿಕರ ಕಾಲನಿಯಲ್ಲಿ ಮಗಳ ಮನೆಗೆ ಬಂದಿರುವ ಬೈಲಹೊಂಗಲದ ಹೆಂಗಸೊಬ್ಬಳಿದ್ದಾಳೆ ಎಂದು ಯಾರೋ ಹೇಳಿದರು. ಬಂದವಳೇ ಅಡುಗೆಮನೆಯಿಂದ ನಮ್ಮನ್ನೆಲ್ಲ ಹೊರಗೆ ಅಟ್ಟಿದಳು. ಇಂಥ ಒಲೆಯ ಮೇಲೆ ಮಂಡಿಗೆ ಮಾಡುವುದು ತನ್ನೊಬ್ಬಳಿಂದಲೇ ಸಾಧ್ಯ ಎಂದು ಬಾಗಿಲಿನಾಚೆಗೂ ಕೇಳುವ ಹಾಗೆ ಹೇಳಿದಳು. ನಾವೇನು ಸುಮ್ಮನಿರುತ್ತೇವೆಯೇ, ಬಾಗಿಲ ಸಂದಿಯಲ್ಲಿ ನಿಂತೆವು.

ಹೂರಣ ತುಂಬಿದ ಕಣಕದ ಉಂಡೆಯನ್ನು ಲಟ್ಟಿಸಿ ಎತ್ತಿಕೊಂಡು ಎರಡೂ ಮುಂಗೈಗಳ ಮೇಲೆ ಹಾಕಿಕೊಂಡಳು. ಕೈಗಳನ್ನು ಒಂದರ ಹಿಂದೊಂದು ಹೊರಳಿಸಿದಳು, ಅಷ್ಟೆ. ಎಳೆದದ್ದು ಕಾಣಲಿಲ್ಲ. ಹಿಟ್ಟು ತಾನಾಗಿಯೇ ಬೆಳೆಯುತ್ತಾ ಹೋಯಿತು, ಮೊಳಕೈ ದಾಟಿತು, ಕೆಳಗೆ ಇಳಿಯಿತು. ಅದರ ಆಚೆಗಿದ್ದ ಅವಳ ಸೀರೆಯ ಹೂವು ಎಣಿಸಬಹುದಿತ್ತು. ಮಗುಚಿಟ್ಟ ಕಾದ ಬಾಣಲೆಯ ಮೇಲೆ ಒಮ್ಮೆಲೇ ಬಿತ್ತು, ಒಂದು ಸುಕ್ಕಿಲ್ಲ. ನನ್ನ ಮೈ ಜುಮ್ಮೆಂದಿತು. ಹುಟ್ಟಿದಂದಿನಿಂದ ಮಂಡಿಗೆ ತಿಂದವಳು ನಾನು, ಮಂಡಿಗೆ ಹುಟ್ಟುವುದನ್ನು ಅಂದೇ ನೋಡಿದ್ದು. ಪಕ್ಕದಲ್ಲಿ ನಮ್ಮವರು ಬಾಯಿ ತೆರೆದು ನಿಂತಿದ್ದರು. ಮಂಡಿಗೆ ಕಣ್ಣೆದುರಿಗೇ ಇರುವಾಗ ಈ ಮನುಷ್ಯ ಮನಸ್ಸಿನಲ್ಲೇ ಬೇರೆ ಮಂಡಿಗೆ ಮೆಲ್ಲುತ್ತಿದ್ದರು. ಊಟವಾದದ್ದೇ ತಡ, ಕಾರಿಗೆ ಫಿಲ್ಮ್ ಹಾಕಲು ಬರುತ್ತೀರೇನು ಎಂದು ಆಕೆಯನ್ನು ಕೇಳಿಯೇ ಬಿಟ್ಟರು. ತಲೆ ಕೆಟ್ಟಿದೆಯೇ ಇವರಿಗೆ ಎಂದುಕೊಂಡೆ. ಆಕೆ ಒಂದು ಗಳಿಗೆಯೂ ಯೋಚಿಸದೆ, ಎಷ್ಟು ದೊಡ್ಡ ಹಾಳೆ ಎಂದು ಕೇಳಿದಳು.

ಮೊದಮೊದಲು ಹಾಳೆಗಳನ್ನು ಹಾಳು ಮಾಡಿದಳು. ಹಾಳು ಮಾಡಿದಾಗಲೆಲ್ಲ ಬೈಗುಳ ಫಿಲ್ಮಿಗೆ, ತನಗಲ್ಲ. ಹಿಟ್ಟಿನ ಹಾಗೆ ಇದಕ್ಕೂ ಒಂದು ಹದವಿದೆ, ಅದು ಇನ್ನೂ ತನಗೆ ತನ್ನ ಗುಟ್ಟು ಹೇಳಿಲ್ಲ ಎನ್ನುತ್ತಿದ್ದಳು. ಆಮೇಲೊಂದು ದಿನ ಹೇಳಿತು. ನಮ್ಮವರು ಬಿಸಿಗಾಳಿಯ ಯಂತ್ರ ಹಿಡಿಯುವುದು, ಆಕೆ ಮುಂಗೈ ಒಳಗೆ ಕೊಟ್ಟು ಹಾಳೆಯನ್ನು ಹೊರಳಿಸುವುದು. ಸೋಪಿನ ನೀರು ಸಿಂಪಡಿಸಿದ ಬಾನೆಟ್ಟಿನ ಮೇಲೆ ಅದು ಇಳಿಯುವಾಗ ನಾನು ಗಿರಾಕಿಯ ಫೋನು ಬಂದರೂ ಎತ್ತುತ್ತಿರಲಿಲ್ಲ. ದಿನಾ ನೋಡಿದ್ದೇ, ಆದರೂ ದಿನಾ ಉಸಿರು ಬಿಗಿ ಹಿಡಿಯುತ್ತಿದ್ದೆ. ಹಾಳೆ ಇತ್ತು, ಈಗ ಇಲ್ಲ. ಎಲ್ಲಿ ಹೋಯಿತು ಎಂದು ಹುಡುಕಬೇಕು.

ಮಗಳ ಮನೆಯಲ್ಲಿ ತಾನು ಬರೀ ಸಂಗೀತಾಳ ಅವ್ವ ಎಂದು ಒಮ್ಮೆ ಚಹಾ ಕುಡಿಯುತ್ತಾ ಹೇಳಿದ್ದಳು. ಓಣಿಯವರಿಗೂ ಹಾಗೇ, ಅಳಿಯನಿಗೂ ಹಾಗೇ. ಅಂಗಡಿಗೆ ಬಂದ ಮೇಲೆ ಊರ ಗಿರಾಕಿಗಳು ಹೆಸರು ಹಿಡಿದು ಕೇಳಿಕೊಂಡು ಬರುತ್ತಾರೆ, ಅದು ತನಗೆ ಬಹಳ ಹಿತವಾಗುತ್ತದೆ ಎಂದಳು. ಅದಕ್ಕೇ ಇರಬೇಕು, ಬಂದವರಿಗೆಲ್ಲ ಒಂದು ಪಂಥ ಒಪ್ಪಿಸುತ್ತಿದ್ದಳು: “ನನ್ನ ಕೈಯಾಗಿನ ಗಾಡಿಗೆ ಒಂದ ಗೀರ ಬಿದ್ರ, ಅವತ್ತ ಈ ಕೆಲಸ ಬಿಡ್ತೀನಿ.” ಯಾಕಪ್ಪಾ ಈಕೆಗೆ ಈ ಮಾತು ಎಂದು ನಾನು ಹಣೆ ಚಚ್ಚಿಕೊಳ್ಳುತ್ತಿದ್ದೆ. ಆಡಿದ್ದನ್ನು ಮಾಡದೆ ಬಿಡುವ ಜಾತಿಯಲ್ಲ ಅದು. ಎಂದೋ ಅಂದ ಒಂದು ಮಾತಿಗೆ ಕಟ್ಟುಬಿದ್ದು ತಮ್ಮನ ಮನೆಯ ಹೊಸ್ತಿಲು ಇವತ್ತಿನವರೆಗೂ ತುಳಿದಿಲ್ಲ.

ಶ್ರಾವಣದಲ್ಲಿ ಗುರುಸಿದ್ದಪ್ಪ ಎಂಬವರು ಕಾರು ತಂದರು. ಗೋಕಾಕದ ಕಡೆಯವರು. ಚಾಕಣದ ಕಾರು ಕಾರ್ಖಾನೆಯಲ್ಲಿ, ಬಣ್ಣ ಹೊಡೆಯುವ ವಿಭಾಗದಲ್ಲಿ, ಹೊರಬಂದ ಕಾರುಗಳ ಮೈಯಲ್ಲಿ ಕುಂದು ಹುಡುಕುವುದೇ ಅವರ ಕೆಲಸ. ದುಡಿಮೆಯ ವಯಸ್ಸೆಲ್ಲ ಪರರ ಕಾರು ನೋಡುವುದರಲ್ಲೇ ಕಳೆದು, ಈಗ ನಿವೃತ್ತಿ ಹತ್ತಿರ ಬಂದಾಗ ತಮ್ಮದೊಂದು ಕೊಂಡಿದ್ದರು. ಎತ್ತರದ ಗಾಡಿ, ಕಪ್ಪು ಬಣ್ಣ. ಕಪ್ಪಂದರೆ ನಮ್ಮ ಕಸುಬಿನವರಿಗೆ ನಡುಕ, ಅದರ ಮೇಲೆ ಏನೂ ಮುಚ್ಚಿಟ್ಟುಕೊಳ್ಳಲಾಗುವುದಿಲ್ಲ. ಬಾನೆಟ್ಟಿಗೆ ಕುಂಕುಮ ಹಚ್ಚಲು ಹೆಂಡತಿಗೂ ಬಿಟ್ಟಿರಲಿಲ್ಲವಂತೆ, ಪೂಜೆಯೆಲ್ಲ ಟೈರಿಗೇ ಆಗಿತ್ತು. ಬೀಗದ ಕೈ ಕೊಟ್ಟು, ಸಂಜೆ ಬರುತ್ತೇನೆಂದು ಕೆಲಸಕ್ಕೆ ಹೋದರು.

ಬೆಳಗಿನಿಂದ ನಮ್ಮವರೂ ಚನ್ನಬಸವ್ವನೂ ಸೇರಿ ಕಾರನ್ನು ತೊಳೆದು, ಒರೆಸಿ, ಜೇಡಿಯಂಥ ಮುದ್ದೆಯಿಂದ ತಿಕ್ಕಿ ಕನ್ನಡಿ ಮಾಡಿದರು. ಬಾನೆಟ್ಟಿನ ನಡುಭಾಗ ಚನ್ನಬಸವ್ವನಿಗೆ ಎಟುಕಲಿಲ್ಲ. ಮಣೆಯ ಮೇಲೆ ಹತ್ತಿ, ಬಾಗಿ, ಕೈ ಚಾಚಿ ಒರೆಸಿದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಹಾಳೆ ಕೂತಿತು. ಅಬ್ಬಾ, ಅಷ್ಟು ಚಂದ ಎಂದೂ ಕೂತಿರಲಿಲ್ಲ. ಅಂಗಡಿಯ ಸೂರು, ದೀಪ, ನಮ್ಮ ಮೂವರ ಮುಖ ಎಲ್ಲ ಅದರೊಳಗೆ ಹೋಗಿ ಕೂತುಬಿಟ್ಟಿದ್ದವು. ಆಗ ಷಟರಿನ ಕೆಳಗಿಂದ ಓರೆ ಬಿಸಿಲು ಬಿತ್ತು. ಬಾನೆಟ್ಟಿನ ನಡುವೆ ಕೂದಲೆಳೆಯಂಥ ಎರಡು ಗೀರು ಹೊಳೆದವು. ಫಿಲ್ಮಿನ ಮೇಲಲ್ಲ, ಅದರ ಕೆಳಗೆ.

ಚನ್ನಬಸವ್ವ ರೇಗಿದಳು. ಷೋರೂಮಿನವರು ಒರಟು ಬಟ್ಟೆ ಬಳಸಿದ್ದಾರೆಂದಳು, ನಮ್ಮವರ ಕೈಗಡಿಯಾರ ತಾಗಿದೆ ಎಂದಳು. ನಮ್ಮವರು ಬರಿಯ ಮಣಿಕಟ್ಟು ಎತ್ತಿ ತೋರಿಸಿದರು. ಇನ್ನೂ ಏನೋ ಹೇಳಹೊರಟವಳು ತಾನು ಬಾಗಿದ್ದ ಜಾಗಕ್ಕೆ ಮತ್ತೆ ಬಾಗಿ ನೋಡಿದಳು, ಹಾಗೆಯೇ ನಿಂತಳು. ಕೈ ಎದೆಗೆ ಹೋಯಿತು.

ಆಕೆ ಲಿಂಗವಂತೆ. ಎದೆಯ ಮೇಲೆ ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ. ಮದುವೆಯಲ್ಲಿ ತವರಿನವರು ಮಾಡಿಸಿಕೊಟ್ಟದ್ದು, ಅಂಥ ಕುಸುರಿ ಬೈಲಹೊಂಗಲದಲ್ಲೇ ಬೇರೆಯವರಿಗಿಲ್ಲ ಎಂದು ಎಷ್ಟೋ ಸಲ ಹೇಳಿದ್ದಾಳೆ. ಯಾವಾಗಲೂ ಸೆರಗಿನೊಳಗೆ ಬಿಗಿಯಾಗಿ ಇರುತ್ತಿತ್ತು. ಅಂದು ಶ್ರಾವಣ ಸೋಮವಾರವೆಂದು ಕರಡಿಗೆಯ ಶಿವದಾರ ಬದಲಿಸಿ ಹೊಸದು ಹಾಕಿಕೊಂಡಿದ್ದಳು. ಅದು ಕೊಂಚ ಉದ್ದವಾಗಿತ್ತು. ಮಣೆಯ ಮೇಲಿಂದ ಬಾಗಿದಾಗ ಕರಡಿಗೆ ಸೆರಗಿನಿಂದ ಜಾರಿ, ಆಕೆ ಒರೆಸುತ್ತಿದ್ದಷ್ಟು ಹೊತ್ತೂ ಕಪ್ಪು ಬಣ್ಣದ ಮೇಲೆ ಆಡಿದೆ.

ನಮ್ಮವರು ಮೆಲ್ಲಗೆ, ಫಿಲ್ಮಿನ ಅಂಟು ಒಣಗಿದರೆ ಇದು ತುಂಬಿಕೊಳ್ಳುತ್ತದೆ, ಯಾರಿಗೂ ಕಾಣುವುದಿಲ್ಲ, ಬಿಡಿ ಎಂದರು. ಅದು ಸುಳ್ಳೇನಲ್ಲ. ಚನ್ನಬಸವ್ವ ಕೇಳಿಸಿಕೊಂಡ ಹಾಗೇ ಕಾಣಲಿಲ್ಲ. ಬಿಸಿಗಾಳಿಯ ಯಂತ್ರ ಎತ್ತಿಕೊಂಡು ಮೂಲೆಯಿಂದ ಹಾಳೆಯನ್ನು ಬಿಡಿಸತೊಡಗಿದಳು. ಅಷ್ಟು ಚಂದ ಕೂತದ್ದನ್ನು ಅದೇ ಕೈ ಕೀಳುವುದನ್ನು ನೋಡಲಾರದೆ ನಾನು ಹೊರಗೆ ಹೋದೆ. ತಿರುಗಿ ಬಂದಾಗ ಮಣೆಯ ಮೇಲೆ ಕೂತಿದ್ದಳು. ಚಹಾ ಕೊಟ್ಟರೆ ಒಲ್ಲೆಂದಳು. ಅಷ್ಟು ಹೊತ್ತು ಆಕೆ ಮಾತಾಡದೆ ಕೂತದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ, ಬೈದಾದರೂ ಬೈಯಬಾರದೇ ಎನಿಸಿತು.

ಸಂಜೆ ಗುರುಸಿದ್ದಪ್ಪ ಒಳಗೆ ಕಾಲಿಡುತ್ತಲೇ ಎದ್ದು ನಿಂತಳು.

“ನಿಮ್ಮ ಗಾಡಿಗೆ ಗೀರ ಬಿದ್ದೈತ್ರಿ. ನನ್ನ ಕರಡಿಗಿ ತಾಗಿದ್ದು. ಇನ್ನ ನಾ ಗಾಡಿ ಮುಟ್ಟೂದಿಲ್ಲ.”

ನಾನು ಅವರ ಮುಖ ನೋಡಿದೆ. ಆ ಮುಖ ಮೊದಲು ಕೆಂಪಾಗಿ ಆಮೇಲೆ ಸಪ್ಪೆಯಾಯಿತು. ಬಾನೆಟ್ಟಿನ ಮೇಲೆ ಬಗ್ಗಿ, ತಲೆ ಓರೆ ಮಾಡಿ, ಒಂದೇ ನೋಟಕ್ಕೆ ಎರಡೂ ಗೀರು ಹಿಡಿದರು. ಆಮೇಲೆ ತಮ್ಮ ಕಾರ್ಖಾನೆಯ ವಿಷಯ ಹೇಳತೊಡಗಿದರು. ಅಲ್ಲಿ ಕೈಗವಸಿಲ್ಲದೆ ಕಾರು ಮುಟ್ಟುವಂತಿಲ್ಲ, ಉಂಗುರ ಹಾಕುವಂತಿಲ್ಲ, ಗಡಿಯಾರ ಇಲ್ಲ, ಬೆಲ್ಟಿನ ಬಕಲು ಇಲ್ಲ, ಅಂಗಿಯ ಗುಂಡಿಯ ಮೇಲೂ ಬಟ್ಟೆಯ ಪಟ್ಟಿ. ಮೈಮೇಲೆ ಲೋಹವೆಂಬುದೇ ಇರಬಾರದು. ಲಿಂಗವನ್ನು ಮನೆಯಲ್ಲಿ ಬಿಟ್ಟು ಬರಲಾಗುವುದಿಲ್ಲವೇ ಎಂದು ಅವರು ಕೇಳಲಿಲ್ಲ, ಅವರೂ ಲಿಂಗವಂತರೇ. ಅಂಗಿಯ ಮೇಲಿನ ಗುಂಡಿ ಬಿಚ್ಚಿ ತೋರಿಸಿದರು. ಕೊರಳಲ್ಲಿ ಕರಡಿಗೆ ಇರಲಿಲ್ಲ. ಲಿಂಗವನ್ನು ಬಿಳಿಯ ಅರಿವೆಯಲ್ಲಿ ಸುತ್ತಿ, ಗಂಟು ಹಾಕಿ, ಎದೆಗೆ ಕಟ್ಟಿಕೊಂಡಿದ್ದರು.

ಚನ್ನಬಸವ್ವ ಆ ಅರಿವೆಯ ಗಂಟನ್ನೇ ನೋಡುತ್ತಾ ನಿಂತಳು.

“ಲಿಂಗಕ್ಕ ಬೆಳ್ಳಿ ಬೇಕಂತ ಯಾರೂ ಹೇಳಿಲ್ಲರಿ,” ಎಂದಳು. “ಬೆಳ್ಳಿ ಬೇಕಾಗಿದ್ದು ನನಗ.”

ಜಂಬದ ಗಂಟೇ ಆಗಿದ್ದ ಹೆಂಗಸು. ಯಾರೂ ಕೇಳದೆ, ಯಾರೂ ಒತ್ತಾಯಿಸದೆ ಅಷ್ಟನ್ನು ಬಾಯಿಬಿಟ್ಟು ಹೇಳಿದಳಲ್ಲ, ನನ್ನಿಂದ ಏಳು ಜನ್ಮಕ್ಕೂ ಆಗದು.

ಗುರುಸಿದ್ದಪ್ಪ ನಮ್ಮವರಿಂದ ಪಾಲಿಷ್ ಕೇಳಿ ಪಡೆದರು. ಗೀರು ಮೇಲ್ಪದರದಲ್ಲಷ್ಟೇ ಇತ್ತು, ಬಣ್ಣಕ್ಕೆ ಇಳಿದಿರಲಿಲ್ಲ. ಅಂಗಿಯ ತೋಳು ಮೇಲೆ ಮಡಚಿ, ಮೆತ್ತನೆಯ ಬಟ್ಟೆಯಲ್ಲಿ ತಾವೇ ಉಜ್ಜಿದರು. ಉಜ್ಜುವುದು, ತಲೆ ಓರೆ ಮಾಡಿ ನೋಡುವುದು, ಮತ್ತೆ ಉಜ್ಜುವುದು. ಕೂದಲೆಳೆಗಳು ತೆಳ್ಳಗಾಗಿ ಕಪ್ಪಿನೊಳಗೆ ಕರಗಿದವು. ಕೈ ಒರೆಸಿಕೊಂಡು ಬದಿಗೆ ಸರಿದು, ಇನ್ನು ಹಾಳೆ ಹಾಕಿ ಎಂದರು. ನಮ್ಮವರು ಮುಂದೆ ಬಂದರು.

“ನೀವಲ್ಲರಿ, ಅಕ್ಕಾರು ಹಾಕ್ಲಿ.”

ಚನ್ನಬಸವ್ವ ತಲೆ ಅಲ್ಲಾಡಿಸಿದಳು. ಅವರು ಎರಡನೆಯ ಸಲ ಹೇಳಲಿಲ್ಲ, ಹೋಗಲೂ ಇಲ್ಲ. ಕಾರಿನ ಪಕ್ಕದಲ್ಲಿ ನಿಂತೇ ಇದ್ದರು. ಕಡೆಗೆ ಆಕೆ ನನ್ನ ಹತ್ತಿರ ಬಂದು, ಮಡಿ ಅರಿವೆ ಇದೆಯೇ ಎಂದು ಕೇಳಿದಳು. ದೇವರ ಗೂಡಿನಲ್ಲಿದ್ದ ಹೊಸ ಬಿಳಿ ವಸ್ತ್ರ ಕೊಟ್ಟೆ. ಕೈಕಾಲು ತೊಳೆದು ಒಳಗಿನ ಕೋಣೆಗೆ ಹೋದಳು. ಹೊರಬಂದಾಗ ಎದೆಯ ಮೇಲೆ ಬಿಳಿಯ ಗಂಟು, ಸೆರಗನ್ನು ಅದರ ಮೇಲೆ ಬಿಗಿದು ಸೊಂಟಕ್ಕೆ ಸಿಕ್ಕಿಸಿದ್ದಳು.

ಆ ಸಂಜೆ ಆಕೆ ಹಾಳೆ ಹಾಕಿದ್ದನ್ನು ಹೇಗೆ ಹೇಳಲಿ? ಬಾಯಲ್ಲಿ ಒಂದು ಮಾತಿಲ್ಲ, ಬಡಾಯಿ ಇಲ್ಲ, ಬೈಗುಳವಿಲ್ಲ. ಮುಂಗೈಗಳ ಮೇಲೆ ಫಿಲ್ಮ್ ಹೊರಳಿತು. ಬಾನೆಟ್ಟಿನ ಈ ಅಂಚಿನಿಂದ ಆ ಅಂಚಿಗೆ ಹೋಗುವಾಗ ಅದಕ್ಕೆ ತೂಕವೇ ಇರಲಿಲ್ಲ. ಕೈ ಸರಿದಂತೆ ನೀರು ಮುಂದೆ ಓಡಿ ಅಂಚಿನಿಂದ ಸುರಿಯಿತು, ಹಿಂದೆ ಬರೀ ಕಪ್ಪು ಉಳಿಯಿತು. ನಾನು ಕೈ ಮುಗಿದು ನಿಂತಿದ್ದೆನಂತೆ, ನಮ್ಮವರು ಆಮೇಲೆ ಹೇಳಿ ನಕ್ಕರು. ನಗಲಿ, ದೇವಸ್ಥಾನದಲ್ಲೂ ನನಗೆ ಅಷ್ಟು ಭಕ್ತಿ ಬಂದದ್ದಿಲ್ಲ.

ಅಂಚುಗಳನ್ನೆಲ್ಲ ಒತ್ತಿ ಮುಗಿಸಿ ಆಕೆ ಮಣೆಯಿಂದ ಇಳಿದಳು. ಗುರುಸಿದ್ದಪ್ಪ ಹತ್ತಿರ ಬಂದರು. ಬಲಗೈ ಎತ್ತಿದರು, ಅರ್ಧಕ್ಕೇ ನಿಲ್ಲಿಸಿದರು.

“ಈಗ ಮುಟ್ಟಬಹುದೇನ್ರಿ, ಅಕ್ಕಾರ? ಕೈಗವಸ ಇಲ್ಲದನ ಹೊಸಾ ಗಾಡಿ ಮೈ ಇನ್ನೂತನಕ ಮುಟ್ಟಿಲ್ಲರಿ ನಾ.”

ಚನ್ನಬಸವ್ವ ಅವರ ಕೈಯನ್ನು ನೋಡಿದಳು. ದುಡಿಮೆಯ ವಯಸ್ಸೆಲ್ಲ ಹೊಸ ಕಾರುಗಳ ನಡುವೆ ಕಳೆದು ಒಂದರ ಮೈಯನ್ನೂ ಗವಸಿಲ್ಲದೆ ಮುಟ್ಟದ ಕೈ ಅದು.

“ಮುಟ್ಟ್ರಿ,” ಎಂದಳು. “ನಿಮ್ಮದ ಐತಿ.”

ಅವರು ಬಾನೆಟ್ಟಿನ ಮೇಲೆ ಅಂಗೈ ಊರಿದರು, ತೆಗೆಯಲಿಲ್ಲ. ಚನ್ನಬಸವ್ವ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗದೆಯೇ, ನಾಳೆ ಬೆಳಿಗ್ಗೆ ಯಾವ ಗಾಡಿ ಬರುತ್ತದೆ ಎಂದು ಕೇಳಿದಳು.